ಹಳೇ ಹಾರ್ಡ್ ಡ್ರೈವ್‌ಗೆ ಸರಿಯಾದ ಎನ್‌ಕ್ಲೋಷರ್ ಆರಿಸುವುದು ಹೇಗೆ?

ಲ್ಯಾಪ್‌ಟಾಪಿಗೆ ಎಸ್‌ಎಸ್‌ಡಿ (ತಿರುಗುವ ತಟ್ಟೆ ಇಲ್ಲದ, ಚಿಪ್‌ಗಳಲ್ಲಿ ಡೇಟಾ ಇಡುವ ಡ್ರೈವ್) ಹಾಕಿಸಿದ ಮೇಲೆ ಹಳೇ ಹಾರ್ಡ್ ಡಿಸ್ಕ್ ಡ್ರಾಯರ್ ಸೇರುತ್ತದೆ. ಡೆಸ್ಕ್‌ಟಾಪಿನ ಮದರ್‌ಬೋರ್ಡ್ ಕೆಟ್ಟರೂ ಒಳಗಿನ ಡ್ರೈವ್ ಎಷ್ಟೋ ಸಲ ಚೆನ್ನಾಗಿಯೇ ಇರುತ್ತದೆ. ಅದರಲ್ಲಿರುವ ಫೋಟೋ, ವಿಡಿಯೋ, ಹಳೇ ಫೈಲುಗಳು ಮತ್ತೆ ಬೇಕಾಗುತ್ತವೆ. ಅಂಥ ಡ್ರೈವನ್ನು ಒಂದು ಎನ್‌ಕ್ಲೋಷರ್ ಒಳಗೆ ಕೂರಿಸಿದರೆ ಸಾಕು, ಯುಎಸ್‌ಬಿ ಕೇಬಲ್‌ನಿಂದ ಯಾವ ಕಂಪ್ಯೂಟರಿಗೆ ಬೇಕಾದರೂ ಜೋಡಿಸಬಹುದು.

ಎನ್‌ಕ್ಲೋಷರ್ ನೋಡಲು ಖಾಲಿ ಡಬ್ಬಿಯ ಹಾಗಿದ್ದರೂ ಒಳಗೆ ಒಂದು ಸಣ್ಣ ಸರ್ಕ್ಯೂಟ್ ಬೋರ್ಡ್ ಇರುತ್ತದೆ. ಅದರ ಮೇಲೊಂದು ಚಿಪ್. ಡ್ರೈವ್‌ನ ಸಿಗ್ನಲ್ಲನ್ನು ಯುಎಸ್‌ಬಿಗೆ ಬದಲಾಯಿಸುವುದು ಅದೇ. ಇದನ್ನು ಬ್ರಿಡ್ಜ್ ಚಿಪ್ ಅನ್ನುತ್ತಾರೆ. ನೀವು ಓದುವ, ಬರೆಯುವ ಪ್ರತಿಯೊಂದು ಫೈಲೂ ಅದರ ಮೂಲಕವೇ ಹೋಗಬೇಕು. ಕೊಳ್ಳುವಾಗ ಹೆಚ್ಚಿನವರ ಕಣ್ಣು ಹೋಗುವುದು ಡಬ್ಬಿಯ ಚಂದದ ಮೇಲೆ, ಪ್ಯಾಕೆಟ್ಟಿನ ಮೇಲೆ ದೊಡ್ಡದಾಗಿ ಅಚ್ಚಾದ ಸ್ಪೀಡಿನ ಮೇಲೆ. ನನ್ನ ಪ್ರಕಾರ ನೋಡಬೇಕಾದ್ದು ಬೇರೆ: ಡ್ರೈವ್‌ಗೆ ಬೇಕಾದಷ್ಟು ಕರೆಂಟ್ ಸಿಗುತ್ತದಾ, ಬಿಸಿ ಹೊರಗೆ ಹೋಗುತ್ತದಾ, ಚಿಪ್ ನಂಬುವಂಥದ್ದಾ. ಡೇಟಾ ಉಳಿಯುವುದು ಈ ಮೂರರಿಂದ.

ಮೊದಲ ಹೆಜ್ಜೆ: ಡ್ರೈವನ್ನು ಕೈಗೆ ತೆಗೆದುಕೊಂಡು ನೋಡಿ

ಡ್ರೈವ್ ಯಾವುದು ಅಂತ ಗೊತ್ತಾಗುವವರೆಗೆ ಎನ್‌ಕ್ಲೋಷರ್ ಹುಡುಕಲು ಹೋಗಬೇಡಿ. ಒಂದು ಸ್ಕೇಲ್ ಇಟ್ಟುಕೊಳ್ಳಿ. ಅಗಲ ಸುಮಾರು 10 ಸೆಂಟಿಮೀಟರ್, ದಪ್ಪ ಎರಡೂವರೆ ಸೆಂಟಿಮೀಟರ್‌ಗಿಂತ ಸ್ವಲ್ಪ ಜಾಸ್ತಿ ಇದ್ದರೆ ಅದು ಡೆಸ್ಕ್‌ಟಾಪಿನ 3.5 ಇಂಚಿನ ಡ್ರೈವ್. ಅಗಲ ಸುಮಾರು 7 ಸೆಂಟಿಮೀಟರ್ ಇದ್ದರೆ ಲ್ಯಾಪ್‌ಟಾಪಿನ 2.5 ಇಂಚಿನದು. ಎಷ್ಟೋ ಎಸ್‌ಎಸ್‌ಡಿಗಳೂ ಇದೇ ಅಳತೆಯಲ್ಲಿ ಬರುತ್ತವೆ.

2.5 ಇಂಚಿನದಾದರೆ ದಪ್ಪವನ್ನೂ ಅಳೆಯಿರಿ. 7 ಮಿಲಿಮೀಟರ್ ಮತ್ತು 9.5 ಮಿಲಿಮೀಟರ್ ಸಾಮಾನ್ಯ. ಜಾಸ್ತಿ ಕೆಪಾಸಿಟಿಯ ಕೆಲವು ಡ್ರೈವ್‌ಗಳು 12.5 ಅಥವಾ 15 ಮಿಲಿಮೀಟರ್ ಇರುತ್ತವೆ. ಎಷ್ಟೋ ಎನ್‌ಕ್ಲೋಷರ್‌ಗಳಲ್ಲಿ 9.5ಕ್ಕಿಂತ ದಪ್ಪದ್ದು ಹಿಡಿಸುವುದಿಲ್ಲ. ಮುಚ್ಚಳವನ್ನು ಒತ್ತಿ ಕೂರಿಸಲು ನೋಡಿದರೆ ಕನೆಕ್ಟರ್ ಮೇಲೆ ಭಾರ ಬೀಳುತ್ತದೆ.

ಆಮೇಲೆ ಕನೆಕ್ಟರ್ ನೋಡಿ. ಡ್ರೈವ್‌ನ ಒಂದು ಅಂಚಿನಲ್ಲಿ ಚಪ್ಪಟೆಯಾದ ಎರಡು ತುಂಡು ಪಕ್ಕಪಕ್ಕ ಇದ್ದು, ಮಧ್ಯೆ ಸಣ್ಣ ಖಾಲಿ ಜಾಗ ಇದ್ದರೆ ಅದು ಸಾಟಾ, ಮನೆಬಳಕೆಯ ಡ್ರೈವ್‌ಗಳಲ್ಲಿ ಸಾಮಾನ್ಯವಾದ ಜೋಡಣೆ. ಚಿಕ್ಕದರಲ್ಲಿ 7 ಸಂಪರ್ಕ, ಉದ್ದದ್ದರಲ್ಲಿ 15. ಮಧ್ಯದ ಆ ಖಾಲಿ ಜಾಗ ತುಂಬಿಕೊಂಡು ಇಡೀ ಕನೆಕ್ಟರ್ ಒಂದೇ ಪಟ್ಟಿಯಾಗಿದ್ದರೆ ಅದು ಸರ್ವರ್‌ಗಳಲ್ಲಿ ಬಳಸುವ ಎಸ್‌ಎಎಸ್ ಡ್ರೈವ್. ಮನೆಬಳಕೆಯ ಸಾಟಾ ಎನ್‌ಕ್ಲೋಷರ್‌ಗೆ ಅದು ಕೂರುವುದಿಲ್ಲ. ಎರಡು ಸಾಲು ಸೂಜಿಯಂಥ ಪಿನ್‌ಗಳು ಎದ್ದು ನಿಂತಿದ್ದರೆ ಅದು ಹಳೇ ಐಡಿಇ. ದೊಡ್ಡ ಡ್ರೈವ್‌ನಲ್ಲಿ 40 ಪಿನ್, ಲ್ಯಾಪ್‌ಟಾಪಿನದರಲ್ಲಿ 44. ಐಡಿಇ ಡ್ರೈವ್‌ಗೆ ಎನ್‌ಕ್ಲೋಷರ್ ಬೇಡ ಅಂತಲೇ ಹೇಳುತ್ತೇನೆ. ಐಡಿಇ-ಯುಎಸ್‌ಬಿ ಅಡಾಪ್ಟರ್ ಒಂದರಿಂದ ಫೈಲುಗಳನ್ನೆಲ್ಲ ಹೊಸ ಡ್ರೈವ್‌ಗೆ ಕಾಪಿ ಮಾಡಿಕೊಂಡು ಅದಕ್ಕೆ ವಿಶ್ರಾಂತಿ ಕೊಡಿ. ಅಷ್ಟು ವಯಸ್ಸಾದ ಡ್ರೈವ್ ಮೇಲೆ ಹೊಸದಾಗಿ ಏನನ್ನೂ ಇಡುವುದು ಸರಿಯಲ್ಲ.

ಇನ್ನು ಚೂಯಿಂಗ್ ಗಮ್ ಪಟ್ಟಿಯಂತೆ ಕಾಣುವ ಎಂ.2 ಎಸ್‌ಎಸ್‌ಡಿ. ಇದರಲ್ಲಿ ಗೊಂದಲ ಜಾಸ್ತಿ. ಇದರ ಅಳತೆಯನ್ನು ಒಂದು ಸಂಖ್ಯೆಯಲ್ಲಿ ಹೇಳುತ್ತಾರೆ: 2280 ಅಂದರೆ 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ. 2230, 2242, 2260 ಕೂಡ ಇವೆ. ಅಳತೆ ಒಂದೇ ಇದ್ದರೂ ಒಳಗಿನ ಜಾತಿ ಎರಡು: ಸಾಟಾ ಮತ್ತು ಅದಕ್ಕಿಂತ ವೇಗದ ಎನ್‌ವಿಎಂಇ. ಚಿನ್ನದ ಬಣ್ಣದ ಅಂಚಿನಲ್ಲಿ ಒಂದೇ ಕಚ್ಚು ಇದ್ದರೆ ಸಾಮಾನ್ಯವಾಗಿ ಎನ್‌ವಿಎಂಇ, ಎರಡು ಕಚ್ಚು ಇದ್ದರೆ ಸಾಮಾನ್ಯವಾಗಿ ಸಾಟಾ. ಆದರೆ ಎರಡು ಕಚ್ಚಿನ ಎನ್‌ವಿಎಂಇ ಡ್ರೈವ್‌ಗಳೂ ಇವೆ. ಹಾಗಾಗಿ ಲೇಬಲ್ ಮೇಲಿನ ಮಾಡೆಲ್ ನಂಬರ್ ಹುಡುಕಿ ಖಚಿತ ಮಾಡಿಕೊಳ್ಳಿ. ಸಾಟಾ ಮಾತ್ರ ನಡೆಯುವ ಎನ್‌ಕ್ಲೋಷರ್‌ಗೆ ಎನ್‌ವಿಎಂಇ ಹಾಕಿದರೆ ಕಂಪ್ಯೂಟರಿಗೆ ಡ್ರೈವೇ ಕಾಣುವುದಿಲ್ಲ. ಡ್ರೈವ್ ಕೆಟ್ಟಿದೆ ಅಂದುಕೊಂಡು ಜನ ಅದನ್ನು ಬಿಸಾಡುವುದೂ ಉಂಟು.

ಡಬ್ಬಿ ಕೆಟ್ಟಿರುವ ರೆಡಿಮೇಡ್ ಎಕ್ಸ್‌ಟರ್ನಲ್ ಡ್ರೈವ್ ಒಳಗಿಂದ ತೆಗೆದ ಡಿಸ್ಕ್ ಆಗಿದ್ದರೆ ಸ್ವಲ್ಪ ನಿಲ್ಲಿ. ಅಂಥ ಕೆಲವು ಚಿಕ್ಕ ಡ್ರೈವ್‌ಗಳಲ್ಲಿ ಯುಎಸ್‌ಬಿ ಪೋರ್ಟನ್ನು ಡ್ರೈವ್‌ನ ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಸಾಟಾ ಕನೆಕ್ಟರೇ ಇರುವುದಿಲ್ಲ. ಇನ್ನು ಕೆಲವದರಲ್ಲಿ ಹಳೇ ಡಬ್ಬಿಯ ಚಿಪ್ಪೇ ಡೇಟಾವನ್ನು ಎನ್‌ಕ್ರಿಪ್ಟ್ ಮಾಡಿ, ಅಂದರೆ ಬೇರೆ ಯಾರಿಗೂ ಓದಲು ಬಾರದ ಗುಪ್ತ ರೂಪದಲ್ಲಿ, ಬರೆದಿರುತ್ತದೆ. ನೀವು ಪಾಸ್‌ವರ್ಡ್ ಹಾಕದೇ ಇದ್ದರೂ ಹೀಗಾಗಿರಬಹುದು. ಆಗ ಬೇರೆ ಎನ್‌ಕ್ಲೋಷರ್‌ನಲ್ಲಿ ಡಿಸ್ಕ್ ಖಾಲಿ ಇದ್ದ ಹಾಗೆ ಕಾಣುತ್ತದೆ. ಆ ಹಳೇ ಬೋರ್ಡನ್ನು ಯಾವ ಕಾರಣಕ್ಕೂ ಎಸೆಯಬೇಡಿ.

ಎರಡನೇ ಹೆಜ್ಜೆ: ಕರೆಂಟ್ ಲೆಕ್ಕ

ಎನ್‌ಕ್ಲೋಷರ್ ತೊಂದರೆಗಳಲ್ಲಿ ಬಹುಪಾಲು ಇಲ್ಲಿಯೇ ಹುಟ್ಟುತ್ತವೆ. ಅದಕ್ಕೇ ಇದನ್ನು ಸ್ವಲ್ಪ ನಿಧಾನವಾಗಿ ಓದಿ.

3.5 ಇಂಚಿನ ಹಾರ್ಡ್ ಡ್ರೈವ್‌ಗೆ 5 ವೋಲ್ಟ್ ಜೊತೆಗೆ 12 ವೋಲ್ಟ್ ಕೂಡ ಬೇಕು. ಒಳಗಿನ ತಟ್ಟೆಗಳನ್ನು ತಿರುಗಿಸುವ ಮೋಟಾರ್ ನಡೆಯುವುದು 12 ವೋಲ್ಟಿನಲ್ಲಿ. ಸಾಮಾನ್ಯ ಯುಎಸ್‌ಬಿ ಪೋರ್ಟ್ ಕೊಡುವುದು ಬರೀ 5 ವೋಲ್ಟ್. ಹಾಗಾಗಿ ದೊಡ್ಡ ಡ್ರೈವ್‌ನ ಎನ್‌ಕ್ಲೋಷರ್ ಜೊತೆಗೆ ಗೋಡೆಯ ಸಾಕೆಟ್ಟಿಗೆ ಹಾಕುವ ಅಡಾಪ್ಟರ್ ಇರಲೇಬೇಕು. ಒಂದು ಡ್ರೈವ್‌ನ ಡಬ್ಬಿಗೆ 12 ವೋಲ್ಟ್, 2 ಆಂಪಿಯರ್ ಅಡಾಪ್ಟರ್ ಸಾಮಾನ್ಯ. ಡ್ರೈವ್ ಸುಮ್ನೆ ಓಡುತ್ತಿರುವಾಗ ಇದರಲ್ಲಿ ಸ್ವಲ್ಪವೇ ಸಾಕು. ಆದರೆ ನಿಂತ ಮೋಟಾರ್ ಹೊರಡುವ ಮೊದಲ ಕೆಲವು ಸೆಕೆಂಡುಗಳಲ್ಲಿ 2 ಆಂಪಿಯರ್ ಹತ್ತಿರದವರೆಗೂ ಎಳೆಯುವ ಡ್ರೈವ್‌ಗಳಿವೆ. 1 ಅಥವಾ 1.5 ಆಂಪಿಯರ್ ಅಡಾಪ್ಟರ್ ಕೊಟ್ಟಿರುವ ಡಬ್ಬಿಯನ್ನು ನಾನಂತೂ ಬಿಡುತ್ತೇನೆ.

ಅಡಾಪ್ಟರ್ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ. ಎನ್‌ಕ್ಲೋಷರ್‌ನ ದುಂಡನೆಯ ಪಿನ್, ವೈಫೈ ರೂಟರ್‌ನದು, ಕೆಲವು ಲ್ಯಾಪ್‌ಟಾಪ್ ಚಾರ್ಜರ್‌ನದು ಹೊರಗಿಂದ ಒಂದೇ ಥರ ಇರುತ್ತವೆ. ಒಂದರದ್ದು ಇನ್ನೊಂದರೊಳಗೆ ಸಲೀಸಾಗಿ ಹೋಗುತ್ತದೆ. ಲ್ಯಾಪ್‌ಟಾಪಿನ 19 ವೋಲ್ಟ್ ಚಾರ್ಜರ್ ತಪ್ಪಿ ಚುಚ್ಚಿದರೆ ಎನ್‌ಕ್ಲೋಷರ್ ಬೋರ್ಡ್, ಡ್ರೈವ್ ಬೋರ್ಡ್ ಎರಡೂ ಒಟ್ಟಿಗೇ ಹೋಗಬಹುದು. ಅಡಾಪ್ಟರ್ ಹಿಂಭಾಗದ ಲೇಬಲ್ಲಿನಲ್ಲಿ ಔಟ್‌ಪುಟ್ ಅಂತ ಇರುವ ಸಾಲು ಓದಿ. ವೋಲ್ಟ್ ಸರಿಯಾಗಿ 12 ಇರಬೇಕು. ಆಂಪಿಯರ್ ಹೇಳಿದ್ದಕ್ಕಿಂತ ಜಾಸ್ತಿ ಇದ್ದರೆ ತೊಂದರೆ ಇಲ್ಲ, ಕಡಿಮೆ ಇರಬಾರದು. ಪಕ್ಕದಲ್ಲೇ ಒಂದು ಸಣ್ಣ ಚಿತ್ರ ಇರುತ್ತದೆ: ನಡುವೆ ಒಂದು ಚುಕ್ಕೆ, ಅದರ ಸುತ್ತ ಅರ್ಧ ವೃತ್ತ, ಎರಡಕ್ಕೂ ಪ್ಲಸ್ ಮತ್ತು ಮೈನಸ್ ಗುರುತು. ಎನ್‌ಕ್ಲೋಷರ್ ಮೇಲೂ ಅದೇ ಗುರುತು ಅದೇ ಕ್ರಮದಲ್ಲಿ ಇರಬೇಕು. ಹೊಸ ಅಡಾಪ್ಟರ್ ಬಂದ ದಿನವೇ ಅದರ ಮೇಲೆ ಚೀಟಿ ಅಂಟಿಸಿ "ಹಾರ್ಡ್ ಡಿಸ್ಕ್" ಅಂತ ಬರೆದುಬಿಡಿ.

2.5 ಇಂಚಿನ ಡ್ರೈವ್‌ಗೆ 5 ವೋಲ್ಟ್ ಸಾಕು, ಯುಎಸ್‌ಬಿ ಕೇಬಲ್ಲಿನಿಂದಲೇ ನಡೆಯುತ್ತದೆ. ಯುಎಸ್‌ಬಿ 2.0 ಪೋರ್ಟ್ ನಿಯಮದ ಪ್ರಕಾರ ಕೊಡುವುದು 500 ಮಿಲಿಆಂಪಿಯರ್, ಯುಎಸ್‌ಬಿ 3.0 ಪೋರ್ಟ್ 900. ಇಲ್ಲೂ ಹೊರಡುವ ಹೊತ್ತಿನಲ್ಲಿ ಕೆಲವು ಡ್ರೈವ್‌ಗಳು 1 ಆಂಪಿಯರ್ ತನಕ ಕೇಳುತ್ತವೆ. ಸಾಲದೇ ಹೋದರೆ ಡ್ರೈವ್ ಟಿಕ್ ಟಿಕ್ ಅನ್ನುತ್ತದೆ, ತಿರುಗಲು ಹೊರಟು ನಿಲ್ಲುತ್ತದೆ, ಕಂಪ್ಯೂಟರಿನಲ್ಲಿ ಕಾಣಿಸಿಕೊಂಡು ಮಾಯವಾಗುತ್ತದೆ. ಡ್ರೈವ್ ಸತ್ತೇಹೋಯಿತು ಅಂತ ಗಾಬರಿಯಾಗುವ ಮೊದಲು, ನಡುವೆ ಯುಎಸ್‌ಬಿ ಹಬ್ (ಒಂದು ಪೋರ್ಟನ್ನು ಹಲವಾಗಿಸುವ ಸಾಧನ) ಇದ್ದರೆ ತೆಗೆದು ನೇರವಾಗಿ ಕಂಪ್ಯೂಟರಿಗೆ ಹಾಕಿ. ಡೆಸ್ಕ್‌ಟಾಪ್ ಆದರೆ ಮುಂಭಾಗದ ಪೋರ್ಟ್ ಬಿಟ್ಟು ಹಿಂಭಾಗದ್ದಕ್ಕೆ ಹಾಕಿ. ಕೇಬಲ್ ಬದಲಾಯಿಸಿ, ಗಿಡ್ಡದ್ದು ಬಳಸಿ. ಉದ್ದದ ತೆಳು ಕೇಬಲ್ಲಿನಲ್ಲಿ ವೋಲ್ಟೇಜ್ ದಾರಿಯಲ್ಲೇ ಇಳಿಯುತ್ತದೆ. ಎಷ್ಟೋ ಸಲ ತೊಂದರೆ ಇಷ್ಟರಲ್ಲೇ ಮುಗಿಯುತ್ತದೆ. ಒಳ್ಳೆಯ ಪೋರ್ಟು, ಒಳ್ಳೆಯ ಕೇಬಲ್ ಹಾಕಿದ ಮೇಲೂ ಟಿಕ್ ಟಿಕ್ ನಿಲ್ಲದಿದ್ದರೆ ತೊಂದರೆ ಡ್ರೈವ್‌ನದ್ದೇ ಇರಬಹುದು. ಆಗ ಮತ್ತೆ ಮತ್ತೆ ಆನ್ ಮಾಡಿ ನೋಡುತ್ತಾ ಕೂರಬೇಡಿ. ಡೇಟಾ ಬೇಕೇ ಬೇಕು ಅಂದರೆ ರಿಕವರಿ ಮಾಡುವವರಿಗೆ ಕೊಡಿ.

ಮೂರನೇ ಹೆಜ್ಜೆ: ಎಷ್ಟು ಸ್ಪೀಡ್ ಬೇಕು?

ಯುಎಸ್‌ಬಿಯ ಹೆಸರುಗಳು ತಲೆ ಕೆಡಿಸುತ್ತವೆ. 2008ರಲ್ಲಿ ಬಂದ ಯುಎಸ್‌ಬಿ 3.0ಕ್ಕೆ ಆಮೇಲೆ 3.1 ಜೆನ್ 1 ಅಂದರು, ಅದಾದ ಮೇಲೆ 3.2 ಜೆನ್ 1 ಅಂದರು. ಮೂರೂ ಒಂದೇ, ಸೆಕೆಂಡಿಗೆ 5 ಗಿಗಾಬಿಟ್. ಜೆನ್ 2 ಅಂದರೆ 10 ಗಿಗಾಬಿಟ್. ಹೆಸರು ಬಿಟ್ಟು ಈ ಗಿಗಾಬಿಟ್ ಸಂಖ್ಯೆಯನ್ನೇ ನೋಡಿ.

ಈಗ ಡ್ರೈವ್ ಕಡೆಗೆ ಬನ್ನಿ. ತಿರುಗುವ ಹಾರ್ಡ್ ಡಿಸ್ಕ್ ಸೆಕೆಂಡಿಗೆ 100ರಿಂದ 250 ಮೆಗಾಬೈಟ್ ಒಳಗೆ ಕೆಲಸ ಮಾಡುತ್ತದೆ. ಹಳೇ ಲ್ಯಾಪ್‌ಟಾಪ್ ಡಿಸ್ಕ್ ಇನ್ನೂ ನಿಧಾನ. 5 ಗಿಗಾಬಿಟ್ ಎನ್‌ಕ್ಲೋಷರ್ ಸೆಕೆಂಡಿಗೆ 400 ಮೆಗಾಬೈಟ್ ದಾಟಿಸುತ್ತದೆ. ಹಾಗಾಗಿ ಹಾರ್ಡ್ ಡಿಸ್ಕ್‌ಗೆ 5 ಗಿಗಾಬಿಟ್ ಧಾರಾಳ. 10 ಗಿಗಾಬಿಟ್ ಎನ್‌ಕ್ಲೋಷರ್‌ಗೆ ಹೆಚ್ಚು ದುಡ್ಡು ಕೊಟ್ಟರೆ ಹಾರ್ಡ್ ಡಿಸ್ಕ್ ವೇಗವಾಗಿ ತಿರುಗುವುದಿಲ್ಲ. ಆ ದುಡ್ಡನ್ನು ಒಳ್ಳೆಯ ಅಡಾಪ್ಟರ್, ಒಳ್ಳೆಯ ಮೈ ಇರುವ ಡಬ್ಬಿಗೆ ಹಾಕಿ. ಸಾಟಾ ಎಸ್‌ಎಸ್‌ಡಿ ಸುಮಾರು 550 ಮೆಗಾಬೈಟ್ ತನಕ ಹೋಗುತ್ತದೆ. ಅದಕ್ಕೂ 5 ಗಿಗಾಬಿಟ್ ಸಾಕಾಗುತ್ತದೆ, 10 ಇದ್ದರೆ ಪೂರ್ತಿ ವೇಗ ಸಿಗುತ್ತದೆ. ಎನ್‌ವಿಎಂಇಗೆ ಮಾತ್ರ 10 ಗಿಗಾಬಿಟ್ ಇರಲೇಬೇಕು. ಆಗ ಸುಮಾರು 1000 ಮೆಗಾಬೈಟ್ ಸಿಗುತ್ತದೆ. ಯುಎಸ್‌ಬಿ 2.0 ಎನ್‌ಕ್ಲೋಷರ್ ಈಗಲೂ ಮಾರಾಟಕ್ಕೆ ಸಿಗುತ್ತದೆ, ಬೇಡ. ಅದು ಕೊಡುವುದು 30-40 ಮೆಗಾಬೈಟ್. ಒಂದು ಟೆರಾಬೈಟ್ ಕಾಪಿ ಮಾಡಲು ಏಳೆಂಟು ಗಂಟೆ ಹಿಡಿಯುತ್ತದೆ.

ಟೈಪ್-ಸಿ ಪೋರ್ಟ್ ಇದೆ ಅಂದ ಮಾತ್ರಕ್ಕೆ ವೇಗ ಇದೆ ಅಂತಲ್ಲ. ಅದು ಕಿಂಡಿಯ ಆಕಾರ ಅಷ್ಟೇ. ಫೋನ್ ಚಾರ್ಜ್ ಮಾಡುವ ಟೈಪ್-ಸಿ ಕೇಬಲ್‌ಗಳಲ್ಲಿ ಹೆಚ್ಚಿನವು ಯುಎಸ್‌ಬಿ 2.0 ವೇಗದವು. ಹೊಸ ಎನ್‌ಕ್ಲೋಷರ್ ಯಾಕೋ ತುಂಬ ನಿಧಾನ ಅನ್ನಿಸಿದರೆ ಮೊದಲು ಅನುಮಾನ ಪಡಬೇಕಾದ್ದು ಕೇಬಲ್ ಮೇಲೆ. ಆದರೂ ಎರಡು ಎನ್‌ಕ್ಲೋಷರ್ ಸಮಸಮ ಇದ್ದರೆ ನಾನು ಟೈಪ್-ಸಿ ಇರುವುದನ್ನೇ ಆರಿಸುತ್ತೇನೆ. ಅಗಲವಾದ ಹಳೇ ಮೈಕ್ರೋ-ಬಿ ಕಿಂಡಿ ಬೇಗ ಸಡಿಲವಾಗುತ್ತದೆ, ಸ್ವಲ್ಪ ಅಲುಗಿದರೂ ಡ್ರೈವ್ ಕಡಿದುಹೋಗುತ್ತದೆ.

ಅಂದ ಹಾಗೆ, ಡ್ರೈವ್ ಹಾಕಿದ ಕೂಡಲೇ ವೈರ್‌ಲೆಸ್ ಮೌಸ್ ತಡವರಿಸುತ್ತಿದ್ದರೆ ಮೌಸ್ ಕೆಟ್ಟಿಲ್ಲ. ಯುಎಸ್‌ಬಿ 3 ಹೊರಡಿಸುವ ಗದ್ದಲ 2.4 ಗಿಗಾಹರ್ಟ್ಜ್ ಸಿಗ್ನಲ್ಲಿಗೆ ಅಡ್ಡ ಬರುತ್ತದೆ. ಇಂಟೆಲ್ 2012ರಲ್ಲೇ ಇದನ್ನು ವಿವರಿಸಿ ಬರೆದಿದೆ. ಮೌಸಿನ ಡಾಂಗಲ್ಲನ್ನು ಡ್ರೈವ್‌ನಿಂದ ದೂರದ ಪೋರ್ಟಿಗೆ ಹಾಕಿದರೆ ಸರಿಹೋಗುತ್ತದೆ.

ನಾಲ್ಕನೇ ಹೆಜ್ಜೆ: ಚಿಪ್ ಬಗ್ಗೆ ಕೇಳಿ

ಒಳ್ಳೆಯ ತಯಾರಕರು ಯಾವ ಬ್ರಿಡ್ಜ್ ಚಿಪ್ ಹಾಕಿದ್ದೇವೆ ಅಂತ ವಿವರಣೆಯಲ್ಲಿ ಬರೆದಿರುತ್ತಾರೆ. ಜೆಮೈಕ್ರಾನ್, ಎಎಸ್‌ಮೀಡಿಯಾ, ರಿಯಲ್‌ಟೆಕ್ ಹೆಸರುಗಳು ಹೆಚ್ಚಾಗಿ ಕಾಣುತ್ತವೆ. ಸಾಟಾ ಎನ್‌ಕ್ಲೋಷರ್‌ಗಳಲ್ಲಿ ಜೆಎಂಎಸ್ 578, ಎಎಸ್‌ಎಂ 1153ಇ ಬಹಳ ಕಾಲದಿಂದ ಬಳಕೆಯಲ್ಲಿವೆ. ರಿಯಲ್‌ಟೆಕ್‌ನ ಆರ್‌ಟಿಎಲ್ 9210ಬಿ ಚಿಪ್ ಎಂ.2ರಲ್ಲಿ ಸಾಟಾ, ಎನ್‌ವಿಎಂಇ ಎರಡನ್ನೂ ನಡೆಸುತ್ತದೆ. ನಿಮ್ಮ ಎಂ.2 ಡ್ರೈವ್ ಯಾವ ಜಾತಿ ಅಂತ ಕೊನೆಗೂ ಗೊತ್ತಾಗದಿದ್ದರೆ ಇಂಥದ್ದು ತೆಗೆದುಕೊಳ್ಳುವುದು ಕ್ಷೇಮ. ಚಿಪ್ ಹೆಸರೇ ಬರೆಯದ ಡಬ್ಬಿ ಕೆಟ್ಟದ್ದೇ ಅಂತ ಹೇಳಲಾರೆ. ಆದರೆ ನಾಳೆ ತೊಂದರೆ ಬಂದಾಗ ಫರ್ಮ್‌ವೇರ್ (ಚಿಪ್ಪನ್ನು ನಡೆಸುವ ತಂತ್ರಾಂಶ) ಹುಡುಕಲು ಅಲ್ಲಿ ದಾರಿಯೇ ಇರುವುದಿಲ್ಲ.

ವಿವರಣೆಯಲ್ಲಿ ಯುಎಎಸ್‌ಪಿ ಅನ್ನುವ ಪದ ಇದೆಯಾ ನೋಡಿ. ಒಂದರ ಹಿಂದೆ ಒಂದು ಅಂತ ಕಾಯದೆ, ಹಲವು ಕೆಲಸಗಳನ್ನು ಒಟ್ಟಿಗೆ ಡ್ರೈವ್‌ಗೆ ಕಳಿಸುವ ವಿಧಾನ ಅದು. ಸಣ್ಣ ಸಣ್ಣ ಫೈಲುಗಳು ಸಾವಿರಾರು ಇದ್ದಾಗ, ಅದರಲ್ಲೂ ಎಸ್‌ಎಸ್‌ಡಿಯಲ್ಲಿ, ವ್ಯತ್ಯಾಸ ಗೊತ್ತಾಗುತ್ತದೆ. ಎಸ್‌ಎಸ್‌ಡಿ ಹಾಕುವವರು ಟ್ರಿಮ್ ನಡೆಯುತ್ತದಾ ಅಂತಲೂ ವಿಚಾರಿಸಿ. ಅಳಿಸಿದ ಜಾಗ ಯಾವುದು ಅಂತ ಡ್ರೈವ್‌ಗೆ ತಿಳಿಯುವುದು ಅದರಿಂದ.

ದೊಡ್ಡ ಡ್ರೈವ್ ಇದ್ದವರು ಕೆಪಾಸಿಟಿಯ ಮಿತಿ ನೋಡಲೇಬೇಕು. ಹಳೇ ಚಿಪ್‌ಗಳು ಡಿಸ್ಕಿನ ವಿಳಾಸವನ್ನು 32 ಬಿಟ್‌ನಲ್ಲಿ ಎಣಿಸುತ್ತವೆ. ಒಂದೊಂದು ಸೆಕ್ಟರ್ (ಡಿಸ್ಕಿನ ಒಂದು ಸಣ್ಣ ತುಣುಕು) 512 ಬೈಟ್ ಅಂದರೆ ಒಟ್ಟು ಸುಮಾರು 2.2 ಟೆರಾಬೈಟ್‌ಗೆ ಎಣಿಕೆ ಮುಗಿಯುತ್ತದೆ. ಅಂಥದ್ದರಲ್ಲಿ 3 ಟೆರಾಬೈಟ್ ಡ್ರೈವ್ ಹಾಕಿದರೆ ವಿಂಡೋಸ್ 746 ಜಿಬಿ ಅಂತ ತೋರಿಸುತ್ತದೆ. ಈ ಸಂಖ್ಯೆ ಕಂಡರೆ ಡ್ರೈವ್ ಮೇಲೆ ಏನನ್ನೂ ಬರೆಯಬೇಡಿ, ತೆಗೆದುಬಿಡಿ. ಕೆಲವು ಎನ್‌ಕ್ಲೋಷರ್‌ಗಳು ಈ ಮಿತಿ ದಾಟಲು ಸೆಕ್ಟರ್ 4096 ಬೈಟ್ ಅಂತ ಕಂಪ್ಯೂಟರಿಗೆ ಹೇಳುತ್ತವೆ. ಅದರಲ್ಲಿ ಫಾರ್ಮ್ಯಾಟ್ ಮಾಡಿದ ಡಿಸ್ಕನ್ನು ಮುಂದೆ ಬೇರೆ ಡಬ್ಬಿಗೆ ಹಾಕಿದರೆ ಪಾರ್ಟಿಷನ್ (ಡಿಸ್ಕಿನಲ್ಲಿ ಮಾಡಿದ ವಿಭಾಗ) ಕಾಣದೇ ಹೋಗಬಹುದು. ಡೇಟಾ ಇರುತ್ತದೆ, ಓದಲು ಹಳೇ ಡಬ್ಬಿ ಬೇಕು.

ಇನ್ನೊಂದು ವಿಷಯ ನಿದ್ದೆ. ಹತ್ತು ನಿಮಿಷ ಕೆಲಸ ಇಲ್ಲದಿದ್ದರೆ ಡ್ರೈವ್ ನಿಲ್ಲಿಸುವ ಟೈಮರ್ ಎಷ್ಟೋ ಚಿಪ್‌ಗಳಲ್ಲಿ ಇರುತ್ತದೆ. ಆಗೊಮ್ಮೆ ಈಗೊಮ್ಮೆ ಬ್ಯಾಕಪ್ ಮಾಡುವವರಿಗೆ ಇದು ಒಳ್ಳೆಯದೇ. ಆದರೆ ಡ್ರೈವ್ ಇಡೀ ದಿನ ಹಾಕಿಯೇ ಇದ್ದು, ಅದರಿಂದ ಹಾಡು ಕೇಳುವುದು, ಸಿನಿಮಾ ನೋಡುವುದು ಮಾಡಿದರೆ, ಪ್ರತಿ ಸಲ ಎಚ್ಚರಾಗಲು ಕೆಲವು ಸೆಕೆಂಡು ಕಾಯಬೇಕು. ಮೋಟಾರ್ ನಿಂತು ಹೊರಡುವುದೂ ಜಾಸ್ತಿಯಾಗುತ್ತದೆ. ಟೈಮರ್ ಬದಲಾಯಿಸಲು ಬರುತ್ತದಾ ಅಂತ ಕೊಂಡವರ ಅನುಭವ ಓದಿ ತಿಳಿದುಕೊಳ್ಳಿ.

ಐದನೇ ಹೆಜ್ಜೆ: ಬಿಸಿ ಮತ್ತು ಮೈ

ಹಾರ್ಡ್ ಡಿಸ್ಕ್ ಓಡಿದಷ್ಟು ಹೊತ್ತೂ ಬಿಸಿ ಹೊರಡಿಸುತ್ತದೆ. ಹೆಚ್ಚಿನ ಮನೆಬಳಕೆಯ ಡ್ರೈವ್‌ಗಳಿಗೆ ತಯಾರಕರು ಹೇಳುವ ಮೇಲ್ಮಿತಿ 60 ಡಿಗ್ರಿ ಸೆಲ್ಸಿಯಸ್. ದಿನವೂ ಅಲ್ಲಿಯ ತನಕ ಹೋಗಲು ಬಿಡಬಾರದು, 45ರ ಒಳಗೆ ಇದ್ದರೆ ನೆಮ್ಮದಿ. 3.5 ಇಂಚಿನ ಡ್ರೈವನ್ನು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಗಂಟೆಗಟ್ಟಲೆ ಓಡಿಸುವುದು ಅದಕ್ಕೆ ಮಾಡುವ ಅನ್ಯಾಯ. ಅಲ್ಯೂಮಿನಿಯಂ ಮೈ ಇರಬೇಕು, ಡ್ರೈವ್ ಆ ಮೈಗೆ ತಾಗಿ ಕೂರಬೇಕು. ಮೇಲೆ ಅಲ್ಯೂಮಿನಿಯಂ, ಒಳಗೆ ಪ್ಲಾಸ್ಟಿಕ್ ಟ್ರೇ ಇದ್ದರೆ ಹೆಚ್ಚು ಪ್ರಯೋಜನ ಇಲ್ಲ. ಇಡೀ ದಿನ ಓಡಿಸುವುದಾದರೆ ಫ್ಯಾನ್ ಇರುವುದು ಒಳ್ಳೆಯದು. ಆದರೆ 40 ಮಿಲಿಮೀಟರ್‌ನ ಸಣ್ಣ ಫ್ಯಾನ್‌ಗಳು ಕಿರ್ರನೆ ಸದ್ದು ಮಾಡುತ್ತವೆ, 80 ಮಿಲಿಮೀಟರ್‌ನದು ನಿಧಾನ ತಿರುಗಿ ಅಷ್ಟೇ ಗಾಳಿ ಕೊಡುತ್ತದೆ.

2.5 ಇಂಚಿನದಕ್ಕೆ ಇಷ್ಟೆಲ್ಲ ಚಿಂತೆ ಬೇಡ. ಎನ್‌ವಿಎಂಇಗೆ ಬೇಕು. ಅದರ ಎನ್‌ಕ್ಲೋಷರ್ ಜೊತೆ ರಬ್ಬರಿನಂಥ ಥರ್ಮಲ್ ಪ್ಯಾಡ್ ಕೊಟ್ಟಿರುತ್ತಾರೆ. ಅದರ ಎರಡೂ ಮುಖಕ್ಕೆ ತೆಳು ಪ್ಲಾಸ್ಟಿಕ್ ಪೊರೆ ಅಂಟಿರುತ್ತದೆ. ಒಂದನ್ನು ಕಿತ್ತು ಇನ್ನೊಂದನ್ನು ಮರೆಯುವುದು ಸುಲಭ, ಉಗುರಿನಿಂದ ಎರಡೂ ಕಡೆ ಪರೀಕ್ಷಿಸಿ. ಕೆಲಸ ಮಾಡುವಾಗ ಹೊರಮೈ ಚೆನ್ನಾಗಿ ಬಿಸಿಯಾದರೆ ಗಾಬರಿ ಬೇಡ, ಒಳಗಿನ ಬಿಸಿ ಹೊರಗೆ ಬರುತ್ತಿದೆ ಅಂತಲೇ ಅರ್ಥ.

ದೊಡ್ಡ ಡ್ರೈವ್‌ನ ಡಬ್ಬಿಗೆ ಆನ್-ಆಫ್ ಸ್ವಿಚ್ ಇದ್ದರೆ ಬಹಳ ಅನುಕೂಲ. ಸ್ಕ್ರೂ ಇಲ್ಲದೆ ಜಾರಿಸಿ ಮುಚ್ಚುವಂಥವು 2.5 ಇಂಚಿಗೆ ಸಾಕು. 3.5 ಇಂಚಿನ ಡ್ರೈವ್ ಭಾರ ಇರುತ್ತದೆ, ಅದನ್ನು ಸ್ಕ್ರೂ ಹಾಕಿ ಬಿಗಿಯುವಂಥದ್ದೇ ಆಗಬೇಕು. ಇಲ್ಲದಿದ್ದರೆ ಕಂಪನಕ್ಕೆ ಡಬ್ಬಿಯೇ ಗುಂಯ್‌ಗುಡುತ್ತದೆ.

ಎರಡು ಡ್ರೈವ್ ಹಿಡಿಸುವ ಎನ್‌ಕ್ಲೋಷರ್ ಬೇಕಾ? ಹೆಚ್ಚಿನ ಮನೆಗಳಿಗೆ ಬೇಡ. ಎರಡು ಡ್ರೈವ್‌ಗಳನ್ನು ಒಂದೇ ಡ್ರೈವ್‌ನಂತೆ ಬಳಸುವ ವಿಧಾನಕ್ಕೆ ರೇಡ್ ಅನ್ನುತ್ತಾರೆ. ಡೇಟಾವನ್ನು ಎರಡಕ್ಕೂ ಹಂಚುವ ರೇಡ್ 0 ಅಂತ ಜೋಡಿಸಿದರೆ ಒಂದು ಡ್ರೈವ್ ಕೆಟ್ಟರೂ ಎಲ್ಲ ಹೋಗುತ್ತದೆ. ರೇಡ್ 1ರಲ್ಲಿ ಎರಡರಲ್ಲೂ ಒಂದೇ ಡೇಟಾ ಇರುತ್ತದೆ ನಿಜ, ಆದರೆ ನೀವು ತಪ್ಪಿ ಅಳಿಸಿದ ಫೈಲ್ ಎರಡರಲ್ಲೂ ಅದೇ ಕ್ಷಣ ಅಳಿಸಿಹೋಗುತ್ತದೆ. ಬ್ಯಾಕಪ್ ಬೇಕಾದರೆ ಎರಡು ಬಿಡಿ ಎನ್‌ಕ್ಲೋಷರ್ ಇಟ್ಟುಕೊಂಡು, ಒಂದನ್ನು ಕಂಪ್ಯೂಟರಿನಿಂದ ಕಳಚಿ ಬೇರೆ ಕಡೆ ಇಡುವುದು ಎಷ್ಟೋ ಮೇಲು.

ಕೊನೆಯ ಹೆಜ್ಜೆ: ಜೋಡಿಸಿ, ಪರೀಕ್ಷೆ ಮಾಡಿ

ಡ್ರೈವ್ ಕೂರಿಸುವ ಮೊದಲು ಯಾವುದಾದರೂ ಲೋಹದ ವಸ್ತು ಮುಟ್ಟಿ, ಮೈಯ ಸ್ಟ್ಯಾಟಿಕ್ ಇಳಿಯುತ್ತದೆ. ಕನೆಕ್ಟರ್ ನೇರವಾಗಿ ಹೋಗಬೇಕು, ಓರೆಯಾಗಿ ಒತ್ತಬೇಡಿ. ದೊಡ್ಡ ಡ್ರೈವ್ ಆದರೆ ಮೊದಲು ಪವರ್ ಕೊಟ್ಟು, ತಿರುಗುವ ಸದ್ದು ಸಮವಾದ ಮೇಲೆ ಯುಎಸ್‌ಬಿ ಹಾಕಿ.

ಈಗ ಬರುವ ಸಂದೇಶವೇ ಬಹಳ ಅಪಾಯದ್ದು. "ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕೇ?" ಅಂತ ವಿಂಡೋಸ್ ಕೇಳಬಹುದು. ಒಳಗೆ ಡೇಟಾ ಇದೆ ಅಂತ ನಿಮಗೆ ಗೊತ್ತಿದ್ದರೆ ಖಂಡಿತ ಬೇಡ ಅನ್ನಿ. ಡಿಸ್ಕ್ ಮ್ಯಾಕ್‌ನದೋ ಲಿನಕ್ಸ್‌ನದೋ ಆಗಿದ್ದರೆ ವಿಂಡೋಸ್‌ಗೆ ಓದಲು ಬರುವುದಿಲ್ಲ, ಅಷ್ಟಕ್ಕೇ ಹಾಗೆ ಕೇಳುತ್ತದೆ. ಲ್ಯಾಪ್‌ಟಾಪಿನಲ್ಲಿ ಬಿಟ್‌ಲಾಕರ್ (ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡುವ ವಿಂಡೋಸ್ ಸೌಲಭ್ಯ) ಆನ್ ಇದ್ದಿದ್ದರೆ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಡಿಸ್ಕ್ ಬಿಚ್ಚುವ ಮೊದಲೇ ಆ ಕೀ ಎಲ್ಲಿದೆ ಅಂತ ನೋಡಿಟ್ಟುಕೊಂಡಿದ್ದರೆ ಪರದಾಟ ಇರುವುದಿಲ್ಲ.

ಖಾಲಿ ಡ್ರೈವ್ ಆಗಿದ್ದು ವಿಂಡೋಸ್, ಮ್ಯಾಕ್ ಎರಡರಲ್ಲೂ ಬಳಸುವುದಿದ್ದರೆ ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ. ಬರೀ ವಿಂಡೋಸ್ ಆದರೆ ಎನ್‌ಟಿಎಫ್‌ಎಸ್. ಫ್ಯಾಟ್ 32 ಬೇಡ, 4 ಜಿಬಿಗಿಂತ ದೊಡ್ಡ ಫೈಲ್ ಅದರಲ್ಲಿ ಹಿಡಿಸುವುದಿಲ್ಲ.

ಆಮೇಲೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಥರದ ಉಚಿತ ತಂತ್ರಾಂಶ ತೆರೆಯಿರಿ. ಡ್ರೈವ್‌ನ ಆರೋಗ್ಯ, ಬಿಸಿ ಎರಡೂ ಕಾಣಬೇಕು. ಏನೂ ಕಾಣದಿದ್ದರೆ ಈ ಚಿಪ್ ಆ ಮಾಹಿತಿಯನ್ನು ದಾಟಿಸುತ್ತಿಲ್ಲ ಅಂತ. ಹಾಗಿದ್ದರೆ ಎನ್‌ಕ್ಲೋಷರ್ ವಾಪಸ್ ಕೊಡಲು ಅದೇ ಸಾಕಷ್ಟು ಕಾರಣ ಅನ್ನುತ್ತೇನೆ. ಪೆಂಡಿಂಗ್ ಸೆಕ್ಟರ್ (ಓದಲು ತೊಂದರೆ ಕೊಡುತ್ತಿರುವ ಸೆಕ್ಟರ್‌ಗಳ ಎಣಿಕೆ) ಅನ್ನುವ ಸಾಲಿನಲ್ಲಿ ಸೊನ್ನೆ ಬಿಟ್ಟು ಬೇರೆ ಸಂಖ್ಯೆ ಇದ್ದರೆ ಬೇರೆ ಯಾವ ಕೆಲಸವನ್ನೂ ಮಾಡಬೇಡಿ, ಮುಖ್ಯವಾದ ಫೈಲುಗಳನ್ನು ಮೊದಲು ಬೇರೆ ಕಡೆ ಕಾಪಿ ಮಾಡಿ.

ಡ್ರೈವ್ ಆರೋಗ್ಯವಾಗಿದ್ದರೆ, ನೂರಾರು ಜಿಬಿ ಇರುವ ಒಂದು ಫೋಲ್ಡರ್ ಕಾಪಿಗೆ ಹಾಕಿ ಒಂದು ಗಂಟೆ ಬಿಡಿ. ನಡುವೆ ಡ್ರೈವ್ ಕಡಿದುಹೋಗಬಾರದು, ವೇಗ ಸೊನ್ನೆಗೆ ಬಿದ್ದು ಏಳಬಾರದು, ಬಿಸಿ 50 ದಾಟಬಾರದು. ಕಾಪಿಯಾದ ಫೈಲುಗಳಲ್ಲಿ ಒಂದಷ್ಟನ್ನು ತೆರೆದು ನೋಡಿ. ಎನ್‌ಕ್ಲೋಷರ್ ವಾಪಸ್ ಮಾಡುವ ಗಡುವು ಮುಗಿಯುವುದರೊಳಗೆ ಇದನ್ನು ಇನ್ನೆರಡು ಸಲ ಮಾಡಿ. ಅಲ್ಲಿಯ ತನಕ ಮೂಲ ಫೈಲುಗಳನ್ನು ಅಳಿಸಬೇಡಿ.